ಹಿತ್ತಲ ನೆಲ

ಪದದ ಹುಟ್ಟನ್ನು ಅರಸದೆ ಪದಾರ್ಥಕ್ಕೆ ಕೈಹಾಕಬಾರದೆಂಬುದು ನಮ್ಮ ಗುರುಗಳು ಕಲಿಸಿದ ಪಾಠ. ಆದುದರಿಂದ ಮೊದಲು ‘ಹಿತ್ತಲು’ ಎಂಬ ಮಾತನ್ನೇ ನೋಡೋಣ. ಹಳಗನ್ನಡದ ‘ಪಿತ್ತಿಲ್’ ಎಂಬುದೇ ಇಂದಿನ ಹಿತ್ತಲು. ಪಾಲ್ ಹಾಲಾದಂತೆ, ಪೂ ಹೂವಾದಂತೆ ಪಿತ್ತಿಲ್ ಹಿತ್ತಿಲಾಗಿ, ಅನಂತರ ಹಿತ್ತಲಾಯಿತು. ಹಿಂದು, ಹಿಂಬದಿ, ಹಿತ್ತಲು ಇವೆಲ್ಲ ಒಂದೇ ಬೇರಿನ ಚಿಗುರುಗಳು. ಮನೆಯ ಹಿಂದಣ ನೆಲವೆಂಬುದಷ್ಟೇ ಇದರ ಅರ್ಥ. ಮುಂದಣ ಅಂಗಳ ಬಂದುಹೋಗುವವರ ಕಣ್ಣಿಗಾಗಿ ಇರುವುದು. ಹಿತ್ತಲಾದರೋ ಮನೆಯವರ ಬದುಕಿಗಾಗಿ ಇರುವುದು. ಅಂಗಳಕ್ಕೆ ರಂಗವಲ್ಲಿಯುಂಟು, ಹಿತ್ತಲಿಗೆ ಬೆವರುಂಟು. ಈ ಭೇದವನ್ನು ಅರಿತವನಿಗೆ ಹಿತ್ತಲನ್ನು ಹೇಗೆ ರಚಿಸಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆಯೇ ಸರಿ.

ನಮ್ಮದು ಚಿತ್ರದುರ್ಗದ ಸೀಮೆ. ೨೦೧೪ರಲ್ಲಿ ತೀರ್ಥರೂಪರು ಕಾಲವಾದ ಮೇಲೆ ಮರುವರ್ಷ ಸೋದರರಲ್ಲಿ ಪಾಲಾಯಿತು. ಹಳೆಯ ಮನೆಯೊಂದಿಗೆ ಅದರ ಹಿಂದಿದ್ದ ೩೦ ಅಡಿ ಅಗಲ ೪೦ ಅಡಿ ಉದ್ದದ ಕೆಂಪು ಗರಸು ನೆಲವೂ, ಮೂಲೆಯಲ್ಲಿದ್ದ ಕಲ್ಲುಕಟ್ಟಣೆಯ ಬಾವಿಯೂ ನನ್ನ ಪಾಲಿಗೆ ಬಂದುವು. ಬಾವಿಯಲ್ಲಿ ಆಗ ನೀರಿಗಿಂತ ಕಸವೇ ಹೆಚ್ಚು. ಹಿತೈಷಿಗಳ ಸಲಹೆ ಒಂದೇ ಆಗಿತ್ತು: ‘ಪಂಡಿತರೇ, ಬಾವಿ ಮುಚ್ಚಿಸಿ, ನಾಲ್ಕು ಕೋಣೆ ಕಟ್ಟಿಸಿ, ಬಾಡಿಗೆಗೆ ಕೊಡಿ. ನಿವೃತ್ತಿಯ ಮೇಲೆ ಅನ್ನಕ್ಕೆ ದಾರಿಯಾಗುತ್ತದೆ.’ ಈ ಮಾತಿನಲ್ಲಿ ಕಪಟವಿರಲಿಲ್ಲ, ಲೆಕ್ಕವೂ ಸರಿಯಾಗಿಯೇ ಇತ್ತು. ಉಪಾಧ್ಯಾಯನ ಸಂಸಾರದಲ್ಲಿ ತಿಂಗಳ ಬಾಡಿಗೆ ಅಲ್ಪವಸ್ತುವಲ್ಲ. ಮಗಳ ವ್ಯಾಸಂಗ ಇನ್ನೂ ಮುಗಿದಿರಲಿಲ್ಲ. ಮನೆಯಾಕೆ ಮಾತ್ರ, ‘ಮಣ್ಣನ್ನು ಸಿಮೆಂಟಿನಿಂದ ಮುಚ್ಚುವುದು ಒಂದು ದಿನದ ಕೆಲಸ, ಮುಚ್ಚಿದ್ದನ್ನು ತೆರೆಯುವವರು ಯಾರು?’ ಎಂದಳು. ಕೊನೆಗೆ ಮನೆಯ ಮಾಳಿಗೆಯ ಮೇಲೆ ಒಂದೇ ಒಂದು ಕೋಣೆಯನ್ನು ಕಟ್ಟಿ ಬಾಡಿಗೆಗೆ ಕೊಟ್ಟು, ನೆಲವನ್ನು ನೆಲವಾಗಿಯೇ ಉಳಿಸಿಕೊಂಡೆವು.

ಉಳಿಸಿಕೊಂಡರೆ ಸಾಲದು, ಬಾಳಿಸಬೇಕು. ನಮ್ಮ ಸೀಮೆಯಲ್ಲಿ ವರ್ಷದ ಮಳೆ ಕಡಮೆ. ಅದರಲ್ಲಿಯೂ ದೊಡ್ಡದೊಂದು ಪಾಲು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಸುರಿದುಹೋಗುತ್ತದೆ. ಆದರೆ ಮಳೆ ಕಡಮೆಯೆಂದು ಕೊರಗುವ ಮುನ್ನ ಗಣಿತದ ಮೇಷ್ಟರನ್ನು ಕೇಳುವುದು ಒಳ್ಳೆಯದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ನಮ್ಮ ಮಾಳಿಗೆಯ ವಿಸ್ತಾರ ಸುಮಾರು ೧೦೦ ಚದರ ಮೀಟರು. ೫೫೦ ಮಿಲಿಮೀಟರು ಮಳೆಯಾದರೆ ಮಾಳಿಗೆಯ ಮೇಲೆ ಬೀಳುವುದು ೫೫,೦೦೦ ಲೀಟರು. ಆವಿಯಾಗಿ, ಚೆಲ್ಲಿ ಐದರಲ್ಲೊಂದು ಪಾಲು ಹೋಯಿತೆಂದರೂ ೪೪,೦೦೦ ಲೀಟರು ಕೈಗೆ ಸಿಗುತ್ತದೆ. ಇಷ್ಟು ನೀರು ಒಂದು ಕೊಳವೆಯ ಮೂಲಕ ಬೀದಿಯ ಚರಂಡಿಗೆ ಹರಿದುಹೋಗುತ್ತಿತ್ತು. ಇದನ್ನು ತಿಳಿದ ದಿನ ನನಗೆ ಬಾವಿಯ ಬರಿದುತನದ ಕಾರಣ ಅರ್ಥವಾಯಿತು.

ಪರಿಹಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ದುರ್ಗದ ಕೋಟೆಯೊಳಗೆ ಹೋದವರೆಲ್ಲ ಗೋಪಾಲಸ್ವಾಮಿ ಹೊಂಡವನ್ನೂ ಅಕ್ಕತಂಗಿಯರ ಹೊಂಡವನ್ನೂ ನೋಡಿದ್ದಾರೆ. ಮೇಲಿನ ಹೊಂಡ ತುಂಬಿದರೆ ಮಿಕ್ಕ ನೀರು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಮುಂದೆ ಊರ ಕಡೆಯ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ ಇಳಿದುಬರುವಂತೆ ಪಾಳೆಯಗಾರರ ಕಾಲದ ಜಾಣರು ಬಂಡೆಯ ಬೆಟ್ಟದಲ್ಲಿ ಜಲಸರಣಿಯನ್ನು ಏರ್ಪಡಿಸಿದ್ದಾರೆ. ಕೋಟೆಯನ್ನು ಕಾದದ್ದು ಕಲ್ಲಿನ ಗೋಡೆಯಷ್ಟೇ ಅಲ್ಲ, ಈ ನೀರೂ ಕಾದಿತು. ಅದೇ ತತ್ತ್ವವನ್ನು ೧೨೦೦ ಚದರಡಿಗೆ ಇಳಿಸಿದೆವು. ಮಾಳಿಗೆಯ ನೀರು ಮೊದಲು ಬಾವಿಯ ಪಕ್ಕದ ಒಂದು ಸೋಸುಗುಂಡಿಗೆ ಬರುತ್ತದೆ. ಅದರ ತಳದಲ್ಲಿ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು. ಅದು ತುಂಬಿದರೆ ಹೆಚ್ಚಿನ ನೀರು ಇಳಿಜಾರಿನ ಎರಡನೆಯ ಗುಂಡಿಗೆ, ಅಲ್ಲಿಂದ ತರಕಾರಿ ಪಾತಿಗಳ ನಡುವಣ ಕಾಲುವೆಗೆ ಹೋಗುತ್ತದೆ. ವರ್ಷದ ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಡಬೇಕು. ಅದು ಮಾಳಿಗೆಯನ್ನು ತೊಳೆದ ನೀರು. ಶೌಚದ ಗುಂಡಿಯಿಂದ ಇಂಗುಗುಂಡಿ ಆದಷ್ಟು ದೂರವಿರಬೇಕು. ಗುಂಡಿಯ ನೀರು ಒಂದೆರಡು ದಿನಗಳಲ್ಲಿ ಇಂಗಿಹೋಗಬೇಕು. ವಾರಗಟ್ಟಲೆ ನಿಂತರೆ ಅದು ಜಲನಿಧಿಯಾಗದೆ ಸೊಳ್ಳೆಗಳ ತವರುಮನೆಯಾಗುತ್ತದೆ.

ಇನ್ನು ಗಿಡಮರಗಳ ಸ್ಥಾನನಿರ್ಣಯ. ಕಾವ್ಯದಲ್ಲಿ ಔಚಿತ್ಯವೆಂಬುದು ಹೇಗೋ ಹಿತ್ತಲಿನಲ್ಲಿ ಎಡೆಯೆಂಬುದು ಹಾಗೆ. ಒಳ್ಳೆಯ ಮರವೂ ತಪ್ಪು ಎಡೆಯಲ್ಲಿ ನಿಂತರೆ ದೋಷವೇ. ನಮ್ಮ ಅಕ್ಷಾಂಶದಲ್ಲಿ ವರ್ಷದ ಹೆಚ್ಚುಭಾಗ, ಅದರಲ್ಲಿಯೂ ತರಕಾರಿ ಬೆಳೆಯುವ ಹಿಂಗಾರು ಚಳಿಗಾಲಗಳಲ್ಲಿ, ಸೂರ್ಯನು ದಕ್ಷಿಣಕ್ಕೆ ಓರೆಯಾಗಿ ಸಂಚರಿಸುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಆದುದರಿಂದ ಎತ್ತರದ ಮರಗಳು ಪಾತಿಗಳ ಉತ್ತರಕ್ಕಿರಬೇಕು, ತರಕಾರಿಗಳು ದಕ್ಷಿಣಕ್ಕಿರಬೇಕು. ನಮ್ಮ ಮನೆ ಪೂರ್ವಾಭಿಮುಖವಾದ್ದರಿಂದ ಹಿತ್ತಲು ಪಡುವಣಕ್ಕೆ ಬಿದ್ದಿದೆ. ಬೇಸಗೆಯ ಇಳಿಹೊತ್ತಿನ ಬಿಸಿಲು ಹಿಂಬದಿಯ ಗೋಡೆಯನ್ನು ಕಾಯಿಸದಂತೆ ವಾಯವ್ಯದ ಮೂಲೆಯಲ್ಲಿ ಒಂದು ಬೇವು ನಿಂತಿದೆ. ತೆಂಗಿಗೆ ತೆಂಗು ಇಪ್ಪತ್ತೈದು ಅಡಿ ದೂರವಿರಬೇಕೆಂಬುದು ಕೃಷಿಕರ ನಿಯಮ. ನಮ್ಮ ನೆಲದಲ್ಲಿ ಒಂದಕ್ಕಷ್ಟೇ ಜಾಗ, ಒಂದೇ ಇದೆ. ನುಗ್ಗೆಯ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುವುದರಿಂದ ಅದು ಮನೆಯಿಂದ ದೂರ, ಬೇಲಿಯ ಬಳಿ. ಕರಿಬೇವು ಅಡುಗೆಮನೆಯ ಬಾಗಿಲಿಗೆ ಹತ್ತಿರ. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು. ಹಿಂದೆ ಸೀಗೆ ಅಂಟವಾಳಗಳ ನೀರನ್ನು ಬಾಳೆ ಸಂತೋಷವಾಗಿ ಕುಡಿಯುತ್ತಿತ್ತು. ಇಂದಿನ ಬಟ್ಟೆಪುಡಿಗಳಲ್ಲಿ ಸೋಡಿಯಂ ಲವಣಗಳು ಹೆಚ್ಚು; ಅವು ಮಣ್ಣನ್ನು ಜವಳು ಮಾಡುತ್ತವೆ. ಆದ್ದರಿಂದ ಬಟ್ಟೆ ಒಗೆದ ನೀರಿಗೆ ಬೇರೆ ದಾರಿ ಮಾಡಿ, ಸ್ನಾನದ ನೀರನ್ನು ಮಾತ್ರ ಬಾಳೆಗೆ ಬಿಟ್ಟಿದ್ದೇವೆ.

ಇಂತಹ ವಿಚಾರಗಳು ಕನ್ನಡಕ್ಕೆ ಹೊಸವೇನೂ ಅಲ್ಲ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥದಲ್ಲಿ ವೃಕ್ಷಾಯುರ್ವೇದವನ್ನೂ ಅಂತರ್ಜಲವನ್ನು ಗುರುತಿಸುವ ಬಗೆಯನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಬಾರದು. ಗಿಡಕ್ಕೆ ನೀರು ಗೊಬ್ಬರ ಹಾಕುವ ವಿದ್ಯೆಯನ್ನು ‘ಲೋಕಕ್ಕೆ ಉಪಕಾರ’ ಎಂದು ಕರೆದ ಹಿರಿಮೆ ಆತನದು.

ಹಿತ್ತಲು ಭಾಷೆಯ ಚರಿತ್ರೆಯನ್ನೂ ಹೇಳುತ್ತದೆ. ನಾವು ‘ನಮ್ಮದು’ ಎನ್ನುವ ಮೆಣಸಿನಕಾಯಿ, ಪರಂಗಿ, ಸೀಬೆ, ಟೊಮ್ಯಾಟೊ ಇವೆಲ್ಲ ಅಮೆರಿಕ ಖಂಡಗಳಿಂದ ಪೋರ್ಚುಗೀಸರ ಕಾಲದಿಂದೀಚೆಗೆ ಬಂದವು. ಮೊದಲು ‘ಮೆಣಸು’ ಎಂದರೆ ಬಳ್ಳಿಯ ಕಾಳು ಮಾತ್ರ. ಹೊಸ ಕಾಯಿ ಬಂದು ಖಾರದ ಸಿಂಹಾಸನವನ್ನೇರಿದ ಮೇಲೆ ಅದು ಮೆಣಸಿನಕಾಯಿಯಾಯಿತು. ಮೂಲದ ಮೆಣಸು ಕರಿ, ಕಾಳು ಎಂಬ ವಿಶೇಷಣಗಳನ್ನು ತೊಟ್ಟು ಬದಿಗೆ ಸರಿಯಿತು. ‘ಪರಂಗಿ’ಯಂತೂ ತನ್ನ ಹೆಸರಿನಲ್ಲಿಯೇ ಪರದೇಶವನ್ನು ಹೊತ್ತಿದೆ. ಪ್ರೊ. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಒಂದು ಪುಸ್ತಕವನ್ನೇ ಈ ವಿಷಯವಾಗಿ ಬರೆದರು. ನೆಲಕ್ಕೆ ಜಾತಿಯಿಲ್ಲ, ದೇಶದ್ವೇಷವಿಲ್ಲ. ಬಂದವರು ಬೇರೂರಿ ಫಲಕೊಟ್ಟರೆ ಅವರೇ ಮನೆಯವರು.

ರಚನೆಗಿಂತ ರಕ್ಷಣೆ ಕಷ್ಟ. ‘ಕಳೆ’ ಎಂಬ ಶಬ್ದವನ್ನು ಗಮನಿಸಿ. ಬೇಡದ ಗಿಡ ಕಳೆ. ಮುಖದ ಕಾಂತಿಯೂ ಕಳೆ. ತೆಗೆದುಹಾಕು ಎಂಬ ಕ್ರಿಯೆಯೂ ಕಳೆ. ಕಳೆಯನ್ನು ಕಳೆದರೆ ಹಿತ್ತಲಿಗೆ ಕಳೆ ಬರುತ್ತದೆ! ಆದರೆ ಕಳೆಯನ್ನು ಬೀಜ ಕಟ್ಟುವ ಮುನ್ನ ಕೀಳಬೇಕು, ಕಿತ್ತದ್ದನ್ನು ಅಲ್ಲಿಯೇ ಗಿಡದ ಬುಡಕ್ಕೆ ಹೊದಿಸಬೇಕು. ಹೊದಿಕೆಯಿದ್ದ ಮಣ್ಣು ಬೇಸಗೆಯಲ್ಲಿಯೂ ತೇವವನ್ನು ಬಿಟ್ಟುಕೊಡುವುದಿಲ್ಲ. ತರಗೆಲೆಗೆ ಬೆಂಕಿಯಿಡುವುದು ನಮ್ಮ ಬೀದಿಯ ವಾಡಿಕೆ. ನಮ್ಮಲ್ಲಿ ಅದು ನಿಷಿದ್ಧ. ಒಣಗಿದೆಲೆಯ ಒಂದು ಪದರ, ಅಡುಗೆಮನೆಯ ಹಸಿಕಸದ ಒಂದು ಪದರ, ಮೇಲೊಂದು ಹಿಡಿ ಮಣ್ಣು, ಹೀಗೆ ತಿಪ್ಪೆಗುಂಡಿಯನ್ನು ತುಂಬಿದರೆ ಮೂರು ನಾಲ್ಕು ತಿಂಗಳಲ್ಲಿ ಕಪ್ಪು ಗೊಬ್ಬರ ಸಿದ್ಧ. ನವೆಂಬರಿನ ಕೊನೆಗೆ ದುಂಡುಮಲ್ಲಿಗೆಯನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಬೇಕು. ನೋಡಿದವರು ಅಯ್ಯೋ ಎನ್ನುತ್ತಾರೆ. ಮಾರ್ಚಿಯಿಂದಾಚೆಗೆ ಅವರೇ ಬೊಗಸೆಯೊಡ್ಡುತ್ತಾರೆ. ದಾಸವಾಳಕ್ಕೆ ಬಿಳಿಯ ಹಿಟ್ಟುತಿಗಣೆ ಹತ್ತುತ್ತದೆ. ಅದರ ಸಿಹಿಸ್ರಾವಕ್ಕಾಗಿ ಇರುವೆಗಳು ಅದನ್ನು ದನ ಕಾದಂತೆ ಕಾಯುತ್ತವೆ. ಸಾಬೂನಿನ ತಿಳಿನೀರನ್ನೋ ಬೇವಿನೆಣ್ಣೆಯನ್ನೋ ಸಿಂಪಡಿಸಿದರೆ ಸಾಕು. ನಿಂಬೆ ಕರಿಬೇವುಗಳ ಎಲೆ ತಿನ್ನುವ ಹಸುರು ಹುಳುವನ್ನು ಮಾತ್ರ ಕೊಲ್ಲಗೊಡುವುದಿಲ್ಲ. ಕೆಲವು ದಿನಗಳಲ್ಲಿ ಅದು ಕಪ್ಪು ರೆಕ್ಕೆಯ ಚಿಟ್ಟೆಯಾಗಿ ಹಾರುವುದನ್ನು ಬೀದಿಯ ಮಕ್ಕಳು ಬಂದು ಕಾದು ನೋಡುತ್ತಾರೆ.

ಪರೀಕ್ಷೆಯ ಕಾಲವೂ ಬಂದಿತು. ೧೯೩೩ರ ತರುವಾಯ ಮೊದಲ ಬಾರಿಗೆ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿಬಿದ್ದುದು ೨೦೨೨ರಲ್ಲಿ. ಸೀಮೆಯೆಲ್ಲ ಹರ್ಷದಿಂದ ಬಾಗಿನವರ್ಪಿಸಿತು. ಮರುವರ್ಷವೇ ಮಳೆ ಕೈಕೊಟ್ಟಿತು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಸರ್ಕಾರ ಘೋಷಿಸಿತು. ೨೦೨೪ರ ಬೇಸಗೆಯಲ್ಲಿ ನಮ್ಮ ಬೀದಿಯ ಕೊಳವೆಬಾವಿಗಳು ಒಂದೊಂದಾಗಿ ಮೌನವಾದುವು. ನಮ್ಮ ಬಾವಿಯಲ್ಲಿ ಆಗಲೂ ದಿನಕ್ಕೆ ಹತ್ತು ಹನ್ನೆರಡು ಕೊಡ ನೀರು ಊರುತ್ತಿತ್ತು. ಮನೆಯಾಕೆ ತರಕಾರಿ ಪಾತಿಗಳನ್ನು ಒಣಗಲು ಬಿಟ್ಟು, ಮರಗಳಿಗೆ ಬಚ್ಚಲ ನೀರನ್ನೇ ಹಂಚಿ, ಬಾವಿಯ ನೀರಿನಲ್ಲಿ ನಾಲ್ಕು ಕೊಡಗಳನ್ನು ಪಕ್ಕದ ಮನೆಯ ಬಾಣಂತಿಗೆ ಮೀಸಲಿಟ್ಟಳು. ಆ ಎರಡು ತಿಂಗಳು ನಮ್ಮ ಹಿತ್ತಲು ನೋಡಲು ಚೆಂದವಾಗಿರಲಿಲ್ಲ. ಬದನೆ ಬೆಂಡೆಗಳು ಸುಟ್ಟು ನಿಂತಿದ್ದುವು, ಒಂದು ಬಾಳೆ ಸತ್ತಿತು. ಆದರೆ ಹಿತ್ತಲು ಇರುವುದು ಏತಕ್ಕೆಂಬುದು ನನಗೆ ಅಷ್ಟು ಸ್ಪಷ್ಟವಾಗಿ ಮತ್ತಾವಾಗಲೂ ಕಂಡಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ಈಗಲೂ ಕೇಳುವುದುಂಟು: ‘ಅಪ್ಪಾ, ಈ ನೆಲದಿಂದ ನಮಗೆ ಬರುವ ಆದಾಯವೇನು?’ ಪ್ರಶ್ನೆ ನ್ಯಾಯವಾದದ್ದು, ಮರೆಮಾಚದೆ ಉತ್ತರಿಸಬೇಕು. ಸೊಪ್ಪು, ಕಾಯಿ, ತೆಂಗು, ಹೂವುಗಳ ಬೆಲೆಯನ್ನೆಲ್ಲ ಕೂಡಿದರೂ ನಾಲ್ಕು ಕೋಣೆಗಳ ಬಾಡಿಗೆಗೆ ಅದು ಸಮನಲ್ಲ, ಅರ್ಧವೂ ಅಲ್ಲ. ಆ ವ್ಯತ್ಯಾಸವನ್ನು ನಾವು ತಿಂಗಳು ತಿಂಗಳೂ ಕೈಯಿಂದ ತೆರುತ್ತಿದ್ದೇವೆ. ಅದಕ್ಕೆ ಪ್ರತಿಯಾಗಿ ಬಾವಿಯಲ್ಲಿ ನೀರುಂಟು, ಹಿಂಬದಿಯ ಕೋಣೆಯಲ್ಲಿ ತಂಪುಂಟು, ಪೂಜೆಗೆ ಕೊಳ್ಳದ ಹೂವು ಪತ್ರೆಗಳುಂಟು, ನೆರೆಯವರು ಕೂಗಿ ಕೇಳಬಹುದಾದ ಒಂದು ಬೇಲಿಯುಂಟು. ಇವನ್ನು ಆದಾಯದ ಪಟ್ಟಿಯಲ್ಲಿ ಬರೆಯುವುದೋ ಬಿಡುವುದೋ ಬರೆಯುವವನ ವಿವೇಕಕ್ಕೆ ಸೇರಿದ್ದು. ನಮ್ಮ ತರುವಾಯ ಮಗ ಕೋಣೆಗಳನ್ನೇ ಕಟ್ಟಿಸಬಹುದು. ಆ ಹಕ್ಕು ಅವನದು. ನಾನು ಅದಕ್ಕೆ ಶಪಥದ ಬೇಲಿಯನ್ನು ಹಾಕಿಲ್ಲ. ಕಳೆದ ದೀಪಾವಳಿಗೆ ಬಂದಾಗ ಸೋಸುಗುಂಡಿಯ ಹೂಳೆತ್ತಿ ಮರಳನ್ನು ಬದಲಿಸುವುದು ಹೇಗೆಂದು ಮಾತ್ರ ತೋರಿಸಿದೆ. ಅವನು ಪ್ಯಾಂಟನ್ನು ಮಡಿಸಿ ಗುಂಡಿಗಿಳಿದು ಕೆಲಸವನ್ನು ಪೂರ್ತಿ ಮಾಡಿದನು.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಎಲ್ಲರಿಗೂ ೩೦ ಅಡಿಗೆ ೪೦ ಅಡಿಯ ನೆಲವಿರಲಾರದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಹುಟ್ಟಿದ್ದು ಎಲ್ಲರಿಗೂ ಹಿತ್ತಲಿದ್ದ ಕಾಲದಲ್ಲಿ. ಇಂದು ಹಿತ್ತಲೇ ಅಪರೂಪವಾಗಿರುವಾಗ ಅದರ ಗಿಡವನ್ನು ಕಡೆಗಣಿಸುವ ಸಿರಿತನ ನಮಗಿಲ್ಲ. ನಿಮ್ಮ ಮನೆಯ ಮಾಳಿಗೆಯನ್ನು ಒಮ್ಮೆ ಅಳೆಯಿರಿ, ನಿಮ್ಮೂರ ಮಳೆಯ ಅಂಕಿಯನ್ನು ಕೇಳಿ ತಿಳಿಯಿರಿ, ಒಂದನ್ನು ಇನ್ನೊಂದರಿಂದ ಗುಣಿಸಿರಿ. ಬಂದ ಉತ್ತರ ಈಗ ಎಲ್ಲಿಗೆ ಹರಿದುಹೋಗುತ್ತಿದೆಯೆಂದು ಮಳೆ ಬಂದ ದಿನ ಕೊಡೆ ಹಿಡಿದು ಹೊರಗೆ ಬಂದು ನೋಡಿರಿ. ಮುಂದಿನ ಪಾಠವನ್ನು ನೀರೇ ಹೇಳಿಕೊಡುತ್ತದೆ.