ಪ್ಲಗ್ ಬಿಚ್ಚಿ ನೋಡುತ್ತಿದ್ದ ಕಾಲ

ಜಾವಾ ಇಟ್ಟುಕೊಂಡವರ ಟೂಲ್ ಬಾಕ್ಸಿನಲ್ಲಿ ಬೇರೇನಿಲ್ಲದಿದ್ದರೂ ಒಂದು ಹೆಚ್ಚುವರಿ ಪ್ಲಗ್ಗು, ಒಂದು ಪ್ಲಗ್ ಪಾನಾ, ಒಂದು ಚೂರು ಉಪ್ಪುಕಾಗದ ಇರಲೇಬೇಕಿತ್ತು. ಮೈಸೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಆ ಗಾಡಿ 1973ರಲ್ಲಿ ಯೆಜ್ಡಿಯಾಯಿತು. ಟೂ-ಸ್ಟ್ರೋಕ್ ಗುಣ ಮಾತ್ರ ಹಾಗೇ ಉಳಿಯಿತು. ಪೆಟ್ರೋಲಿನ ಜೊತೆಗೆ ಆಯಿಲೂ ಉರಿಯಬೇಕು. ಆಯಿಲ್ ಸ್ವಲ್ಪ ಜಾಸ್ತಿ ಬಿತ್ತೋ, ಪ್ಲಗ್ಗಿನ ಮೂತಿ ಒದ್ದೆಮಸಿ ಹಿಡಿದು ಗಾಡಿ ನಿಂತಿತೆಂದೇ ಲೆಕ್ಕ.

ನಾನು ಕೆಲಸ ಕಲಿತ ಗ್ಯಾರೇಜಿನ ಮೇಸ್ತ್ರಿ ಗಿರಾಕಿಯ ದೂರು ಕೇಳುವ ಮೊದಲೇ "ಬಿಚ್ಚೋ ಪ್ಲಗ್ಗು" ಅನ್ನುತ್ತಿದ್ದರು. ಕಾಫಿ ಬಣ್ಣವಿದ್ದರೆ ಸರಿ. ಬಿಳಚಿಕೊಂಡಿದ್ದರೆ ಇಂಜಿನ್ ಕಾಯುತ್ತಿದೆ, ಕಾರ್ಬ್ಯುರೇಟರ್ ನೋಡಬೇಕು. ಆಮೇಲೆ ಗಾಡಿ ಎಲ್ಲೆಲ್ಲಿ ಓಡುತ್ತದೆ ಎಂಬ ವಿಚಾರಣೆ. ಕ್ಯಾನು ಕಟ್ಟಿಕೊಂಡು ಮನೆಮನೆಗೆ ನಿಂತು ನಿಂತು ಹೋಗುವ ಹಾಲಿನವರ ಗಾಡಿಗೆ ಬಿಸಿ ಪ್ಲಗ್ಗು, ಊಟಿ ಘಾಟಿ ಹತ್ತುವವರಿಗೆ ತಣ್ಣನೆಯದು. ಬಿಸಿ ಪ್ಲಗ್ಗಿನ ಪಿಂಗಾಣಿ ಮೂತಿ ಉದ್ದ. ಶಾಖ ತಡವಾಗಿ ಇಳಿಯುವುದರಿಂದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ತಣ್ಣನೆಯದರ ಮೂತಿ ಗಿಡ್ಡ, ಶಾಖ ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ. ಮೈಕೋ ಪ್ಲಗ್ಗಿನ ಮೇಲಿನ 145, 175, 225 ಈ ಲೆಕ್ಕದವೇ: ಅಂಕಿ ಏರಿದಷ್ಟೂ ತಣ್ಣಗೆ.

ಹಾಗಂತ ಆ ಕಾಲದ್ದೆಲ್ಲ ಜಾಣತನವೇನಲ್ಲ. ಉಪ್ಪುಕಾಗದದಲ್ಲಿ ಉಜ್ಜಿದ ಪಿಂಗಾಣಿಗೆ ಗೀರು ಬಿದ್ದು ಮಸಿ ಇನ್ನೂ ಬೇಗ ಹತ್ತುತ್ತಿತ್ತು. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದು, ನೀಲಿ ಕಿಡಿ ಕಂಡರೆ "ಪ್ಲಗ್ ಚೆನ್ನಾಗಿದೆ" ಎಂದು ತೀರ್ಪು ಕೊಡುತ್ತಿದ್ದೆವು. ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಹಾರದೇ ಇರಬಹುದು ಎಂಬುದು, ಮರಳು ಊದಿ ಶುಚಿಮಾಡಿ ಒತ್ತಡದಲ್ಲಿ ಪರೀಕ್ಷಿಸುವ ಪ್ಲಗ್ ಯಂತ್ರ ನೋಡಿದ ಮೇಲೆಯೇ ನಮಗೆ ತಲೆಗೆ ಹೋದದ್ದು.

1996ರಲ್ಲಿ ಯೆಜ್ಡಿ ಕಾರ್ಖಾನೆ ಮುಚ್ಚಿತು. ಕಿಡಿ ಹೊಡೆಸುವ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಸಿಡಿಐ ಬಂತು, ಫೋರ್-ಸ್ಟ್ರೋಕ್ ಗಾಡಿಗಳಲ್ಲಿ ಪ್ಲಗ್ ಬಿಚ್ಚುವ ಪ್ರಸಂಗವೇ ಅಪರೂಪವಾಯಿತು. ನಾನು ತೀರ್ಥಹಳ್ಳಿ ಕಡೆ ಬಂದು ತೋಟದ ಮಷಿನ್‌ಗಳ ರಿಪೇರಿಗೆ ಕೂತೆ. ಇಲ್ಲಿ ಟೂ-ಸ್ಟ್ರೋಕ್ ಸತ್ತಿರಲಿಲ್ಲ. ವೀಡ್ ಕಟ್ಟರ್ ಆಗಿ ಹೆಗಲೇರಿತ್ತು.

ತಪ್ಪಿನ ಜಾತಿ ಮಾತ್ರ ಬದಲಾಗಿದೆ. ಕಟ್ಟರ್‌ಗಳಿಗೆ ಸಾಮಾನ್ಯವಾಗಿ ಬರುವುದು ಎನ್‌ಜಿಕೆ ಕಂಪನಿಯ ಬಿಪಿಎಂಆರ್7ಎ ಎಂಬ ಮೋಟು ಪ್ಲಗ್ಗು. ಅದರ ಥ್ರೆಡ್ಡಿನ ಉದ್ದ 9.5 ಮಿ.ಮೀ., ಬಿಚ್ಚಲು 19ರ ಪಾನಾ. ಹೋಂಡಾ ಜಿಎಕ್ಸ್ ತರಹದ ಫೋರ್-ಸ್ಟ್ರೋಕ್ ಪಂಪಿನ ಬಿಪಿಆರ್6ಇಎಸ್‌ಗೆ ಥ್ರೆಡ್ 19 ಮಿ.ಮೀ., ಪಾನಾ 21ರದು. ದಪ್ಪ ಎರಡಕ್ಕೂ 14. ಅಲ್ಲೇ ಮೋಸ! ಪಂಪಿನ ಪ್ಲಗ್ಗು ಕಟ್ಟರ್‌ಗೂ ಸಲೀಸಾಗಿ ತಿರುಗುತ್ತದೆ, ಒಳಗೆ ಪಿಸ್ಟನ್ನಿಗೇ ಹೊಡೆಯುತ್ತದೆ. ಅಂಕಿಯನ್ನು ನಂಬಿದವರಿಗೆ ಇನ್ನೊಂದು ಪೆಟ್ಟು: ಎನ್‌ಜಿಕೆಯಲ್ಲಿ ಅಂಕಿ ಏರಿದರೆ ತಣ್ಣಗೆ, ಬಾಷ್‌ನ ಹೊಸ ಅಂಕಿಯಲ್ಲಿ ಇಳಿದರೆ ತಣ್ಣಗೆ. ನಡುವಿನ 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ ಎಂದು. ಸಿಡಿಐ ಇದ್ದಲ್ಲಿ ಅದನ್ನು ಬಿಟ್ಟು ಅಗ್ಗದ್ದು ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪಾನಾ ವಿಷಯದಲ್ಲಂತೂ ನಾನು ಹಠಮಾರಿ. ಪ್ಲಗ್ಗಿಗೆ ಕಟಿಂಗ್ ಪ್ಲೇಯರ್ ಹಚ್ಚಿದವರ ಮಷಿನ್ ನೋಡಿದರೇ ಸಿಟ್ಟು ಬರುತ್ತದೆ. ಒಳಗೆ ರಬ್ಬರ್ ಇರುವ ಸರಿ ಅಳತೆಯ ಪಾನಾ ಬೇಕು. ಕೂರಿಸುವಾಗ ಮೊದಮೊದಲು ಅದೂ ಬೇಡ: ಪ್ಲಗ್ಗಿನ ತಲೆಗೆ ಒಂದು ತುಂಡು ಪೆಟ್ರೋಲ್ ಪೈಪು ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದರೆ ಸಾಕು, ಥ್ರೆಡ್ ಅಡ್ಡ ಹಿಡಿದರೆ ಪೈಪೇ ಜಾರುತ್ತದೆ. ಹೊಸ ಪ್ಲಗ್ಗಾದರೆ ವಾಷರ್ ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತು. ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಬುಶ್ ಹಾಕಿಸಲು ಲೇತಿಗೆ ಓಡಬೇಕು, ಪಂಪಿನದಾದರೆ ಅಲ್ಲಿಯವರೆಗೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವುದು ನಿಲ್ಲುತ್ತದೆ.

ಮಳೆಗಾಲದ ಹೊಸ್ತಿಲಲ್ಲಿ "ಒಂದು ಪ್ಲಗ್ ಕೊಡಿ ಮಾರಾಯ್ರೆ, ಕಟ್ಟರ್‌ದು" ಎಂದು ಬರಿಗೈಯಲ್ಲಿ ಬರುವವರೇ ಹೆಚ್ಚು. ಹಳೇ ಪ್ಲಗ್ ತಂದವರಿಗೆ ಕೊಡುತ್ತೇನೆ. ಬಿಸಾಡಿ ಬಂದವರು ಮಷಿನ್ನೇ ಹೊತ್ತು ತರಬೇಕು.