ನಲವತ್ತು ಪಿನ್ನಿನ ಬಾಗಿಲು

ಸಾಯಗಾಂವದ ಒಂದು ಮನೆಯ ಅಟ್ಟದ ಮೇಲೆ, ತೊಗರಿ ಚೀಲಗಳ ಹಿಂದೆ, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕಂಪ್ಯೂಟರ್ ಪೆಟ್ಟಿಗೆಯೊಂದು ಹದಿನೈದು ವರ್ಷ ಕೂತಿತ್ತು. ಮನೆಯವರು ಅದನ್ನು ಗುಜರಿಗೂ ಹಾಕಲಿಲ್ಲ, ಮತ್ತೆ ರಿಪೇರಿಗೂ ಒಯ್ಯಲಿಲ್ಲ. ಅದರೊಳಗೆ ಆಯಿ ಇದ್ದಾಳೆಂಬುದು ಎಲ್ಲರಿಗೂ ಗೊತ್ತಿತ್ತು. ಆ ಸೀಮೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ.

ಆಯಿ ಎಂದರೆ ಆಯಿಯ ದನಿ. ಭಾಲ್ಕಿಯ ತಹಸೀಲ ಕಚೇರಿಗೆ ಭೂಮಿ ಯೋಜನೆ ಬಂದ ಹೊಸತರಲ್ಲಿ, ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಯಂತ್ರದಿಂದ ಅಚ್ಚಾಗಿ ಹೊರಬರುವುದನ್ನು ಕಂಡ ಆ ಮನೆಯ ಯಜಮಾನನಿಗೆ ತಾನೂ ಒಂದು ಕಂಪ್ಯೂಟರ್ ಇಡಬೇಕೆನಿಸಿತು. 2003ರಲ್ಲಿ ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟದ್ದೊಂದನ್ನು ತಂದ. ಲಗ್ನಪತ್ರಿಕೆ, ಅರ್ಜಿ, ಗುತ್ತಿಗೆ ಕಾಗದ ಟೈಪು ಮಾಡಿಕೊಡತೊಡಗಿದ. ಕರೆಂಟು ಇದ್ದಾಗ ಕಂಪ್ಯೂಟರು, ಹೋದಾಗ ಹೊಲ. 2005ರ ಒಂದು ಮಧ್ಯಾಹ್ನ ಬೀಸುಕಲ್ಲಿನ ಮುಂದೆ ಕೂತ ತಾಯಿಯ ಎದುರು ಮೈಕು ಇಟ್ಟು ಹಾಡಿಸಿದ. ಬೀಸುವ ಪದ, ಭುಲಾಯಿ ಹಾಡು, ಗಡಿಯ ಊರಾದ್ದರಿಂದ ನಡುನಡುವೆ ಮರಾಠಿಯ ಓವಿ. “ಈ ಡಬ್ಬಿ ಒಳಗ ಹಾಡಿದ್ರ ಯಾರ್ ಕೇಳ್ತಾರೋ ನನ್ನಪ್ಪಾ?” ಎಂದು ಆಕೆ ನಕ್ಕಿದ್ದಳಂತೆ.

ಆಕೆ 2008ರಲ್ಲಿ ತೀರಿಕೊಂಡಳು. ಮರುವರ್ಷದ ಮಳೆಗಾಲದಲ್ಲಿ ವೋಲ್ಟೇಜ್ ಏರಿಳಿದು ಯಂತ್ರವೂ ನಿಂತಿತು. ರಿಪೇರಿಯವನು ಮದರ್‌ಬೋರ್ಡ್ ಸುಟ್ಟಿದೆ, ಇದಕ್ಕೆ ಈಗ ಸಾಮಾನು ಸಿಗುವುದಿಲ್ಲ, ಹೊಸದು ತಗೊಳ್ಳಿ ಎಂದ. ಪೆಟ್ಟಿಗೆ ಅಟ್ಟ ಹತ್ತಿತು.

2024ರ ದೀಪಾವಳಿ ರಜೆಗೆ ಬೀದರದಲ್ಲಿ ಬಿ.ಎಸ್ಸಿ. ಓದುವ ಮಗಳು ಮನೆಗೆ ಬಂದಳು. ಪೆಟ್ಟಿಗೆಯನ್ನು ಕೆಳಗಿಳಿಸಿ, ಧೂಳು ಕೊಡವಿ, ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದಳು. ಇಟ್ಟಿಗೆಯ ಅರ್ಧದಷ್ಟು ದಪ್ಪದ ಕಬ್ಬಿಣದ ತುಂಡಿನಂತಿತ್ತು. ಹಿಂಬದಿಯಲ್ಲಿ ಎರಡು ಸಾಲು ಪಿನ್ನುಗಳು, ಅವಕ್ಕೆ ಅಂಟಿಕೊಂಡ ಎರಡು ಇಂಚು ಅಗಲದ ಬೂದು ಬಣ್ಣದ ಪಟ್ಟಿ. ತನ್ನ ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದಳು. ಈ ಪಟ್ಟಿ ಸಿಕ್ಕಿಸುವಂಥ ಕಿಂಡಿ ಎಲ್ಲೂ ಇಲ್ಲ.

“ಅಂದ್ರ ಹೋಯ್ತೇನವ್ವಾ?” ಎಂದ ತಂದೆ.

“ಹೋಗಿಲ್ಲಪ್ಪಾ. ಬಾಗ್ಲಾ ಬದಲಾಗ್ಯಾದ, ಅಷ್ಟೇ.”

ಹುಡುಗಿ ಹೇಳಿದ್ದು ಸರಿ. ಕಂಪ್ಯೂಟರ್ ಸುಟ್ಟರೆ ಒಳಗಿನದೆಲ್ಲ ಸುಟ್ಟಿತೆಂದು ನಮ್ಮ ಜನ ತಿಳಿಯುತ್ತಾರೆ. ಡಿಸ್ಕಿನ ತಟ್ಟೆಗಳ ಮೇಲಿನ ಬರಹ ಕಾಂತೀಯವಾದದ್ದು, ಕರೆಂಟು ಹೋದರೂ ಉಳಿಯುತ್ತದೆ. ಅದನ್ನು ಹೊರಗೆ ತರುವ ದಾರಿಯಷ್ಟೇ ಕಾಲಕಾಲಕ್ಕೆ ಬದಲಾಗಿದೆ.

ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ಎರಡೆರಡು ಅಡಿ ಅಗಲದ ಐವತ್ತು ತಟ್ಟೆ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ ಮಾತ್ರ. ಡಿಸ್ಕುಗಳು ಕುಗ್ಗಿ ಮೇಜಿನ ಮೇಲಿನ ಕಂಪ್ಯೂಟರಿಗೆ ಬಂದಾಗಲೂ ಅವುಗಳನ್ನು ಆಳುವ ಬುದ್ಧಿ ಬೇರೊಂದು ಕಾರ್ಡಿನಲ್ಲಿರುತ್ತಿತ್ತು. ಡಿಸ್ಕಿಗೂ ಕಾರ್ಡಿಗೂ ನಡುವೆ ಎರಡು ಪಟ್ಟಿ ತಂತಿ. 1986ರ ಸುಮಾರಿಗೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್ ಮೊದಲಾದ ಕಂಪನಿಗಳು ಆ ಬುದ್ಧಿಯನ್ನು ಡಿಸ್ಕಿನ ಬೆನ್ನಿಗೇ ಕೂಡಿಸಿದವು. ಇದೇ ಐಡಿಇ. ಸಾಯಗಾಂವದ ಡಿಸ್ಕಿನ ಹಿಂದಿದ್ದದ್ದು ಇದರ ನಲವತ್ತು ಪಿನ್ನಿನ ಬಾಗಿಲು. ತಪ್ಪಾಗಿ ಸಿಕ್ಕಿಸಬಾರದೆಂದು ಇಪ್ಪತ್ತನೆಯ ಪಿನ್ನನ್ನು ಬೇಕೆಂದೇ ಬಿಟ್ಟಿರುತ್ತಾರೆ. ಪಟ್ಟಿಯ ಕೆಂಪು ಅಂಚು ಒಂದನೆಯ ಪಿನ್ನಿನ ಗುರುತು. ಸಾಮಾನ್ಯವಾಗಿ ಅದು ವಿದ್ಯುತ್ ಸಿಕ್ಕಿಸುವ ಕಡೆಗೆ ಬರಬೇಕು.

ಈ ಪಟ್ಟಿಯಲ್ಲಿ ಹದಿನಾರು ತಂತಿಗಳು ಏಕಕಾಲಕ್ಕೆ ಹದಿನಾರು ಬಿಟ್‌ಗಳನ್ನು ಹೊರುತ್ತವೆ. ಹದಿನಾರು ಎತ್ತಿನ ಬಂಡಿಗಳು ಸಾಲಾಗಿ ಅಕ್ಕಪಕ್ಕದಲ್ಲೇ ಹೊರಟಂತೆ. ನಿಧಾನಕ್ಕೆ ಹೋದರೆ ತೊಂದರೆಯಿಲ್ಲ. ಓಡಿಸಿದರೆ ಒಂದು ಮುಂದೆ, ಒಂದು ಹಿಂದೆ. ಎಲ್ಲವೂ ಬಂದು ಸೇರುವವರೆಗೆ ಮುಂದಿನ ಸಾಲು ಹೊರಡುವಂತಿಲ್ಲ. ಇನ್ನೊಂದು ತಾಪತ್ರಯವನ್ನು ಹೈಸ್ಕೂಲಿನ ಮಕ್ಕಳೂ ಊಹಿಸಬಲ್ಲರು. ಒಂದು ತಂತಿಯಲ್ಲಿ ವಿದ್ಯುತ್ ಏರಿಳಿದರೆ ಪಕ್ಕದ ತಂತಿಯಲ್ಲೂ ಅದರ ನೆರಳು ಹುಟ್ಟುತ್ತದೆ. ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯೂ ಇದಕ್ಕೊಂದು ಕಾರಣ. ವೇಗ ಹೆಚ್ಚಿದಷ್ಟೂ ಈ ಕಿವಿಮಾತು ಹೆಚ್ಚು. ಅದಕ್ಕೇ ಮುಂದೆ ಎಂಬತ್ತು ತಂತಿಯ ಪಟ್ಟಿ ಬಂತು. ಪಿನ್ನು ಮಾತ್ರ ನಲವತ್ತೇ. ಹೆಚ್ಚಿನ ನಲವತ್ತು ತಂತಿಗಳು ಬರೀ ಅರ್ಥಿಂಗ್. ಜಗಳಗಂಟ ಹುಡುಗರ ನಡುವೆ ಒಬ್ಬೊಬ್ಬ ಸಾಧುವನ್ನು ಕೂರಿಸಿದ ಹಾಗೆ. ಇಷ್ಟು ಮಾಡಿದರೂ ಸೆಕೆಂಡಿಗೆ 133 ಮೆಗಾಬೈಟ್‌ಗೆ ಅದರ ಉಸಿರು ಕಟ್ಟಿತು. ಪಟ್ಟಿಯ ಉದ್ದವೂ ಒಂದೂವರೆ ಅಡಿ ಮೀರುವಂತಿರಲಿಲ್ಲ.

2003ರಲ್ಲಿ ಬಂದ ಸಾಟಾ ಈ ಹದಿನಾರು ಬಂಡಿಗಳನ್ನು ಬಿಟ್ಟು ಒಂದೇ ಕುದುರೆಯನ್ನು ನೆಚ್ಚಿತು. ಬಿಟ್‌ಗಳು ಒಂದರ ಹಿಂದೊಂದು ಸಾಗುತ್ತವೆ, ಆದರೆ ಬಿರುಗಾಳಿಯಂತೆ. ಮಾಹಿತಿಗೆ ಏಳೇ ಸಂಪರ್ಕ, ಅದರಲ್ಲಿ ಮೂರು ಅರ್ಥಿಂಗ್. ಉಳಿದ ನಾಲ್ಕು ಎರಡು ಜೋಡಿ, ಹೋಗಲೊಂದು, ಬರಲೊಂದು. ಜೋಡಿಯ ಒಂದು ತಂತಿಯಲ್ಲಿ ಸಂಕೇತ, ಇನ್ನೊಂದರಲ್ಲಿ ಅದೇ ಸಂಕೇತ ತಲೆಕೆಳಗಾಗಿ. ಹೊರಗಿನ ಗಲಾಟೆ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗಲಾಟೆ ಸೊನ್ನೆ, ಸಂಕೇತ ಇಮ್ಮಡಿ! ಕಳೆಯುವ ಲೆಕ್ಕಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ. 150ರಿಂದ ಹೊರಟ ಸಾಟಾ 600 ಮೆಗಾಬೈಟಿನವರೆಗೂ ಏರಿತು. 2006ರಲ್ಲಿ ಇಂಟೆಲ್ ತನ್ನ ಹೊಸ ಚಿಪ್‌ಸೆಟ್‌ನಿಂದ ಐಡಿಇಯನ್ನು ಕೈಬಿಟ್ಟಿತು. 2011ರಲ್ಲಿ ಎನ್‌ವಿಎಂಇ ಎಂಬ ಇನ್ನೂ ಹೊಸ ಕ್ರಮ ಬಂತು. ಹುಡುಗಿಯ ಲ್ಯಾಪ್‌ಟಾಪಿನಲ್ಲಿರುವುದು ಅದೇ. ತಿರುಗುವ ತಟ್ಟೆಯೂ ಇಲ್ಲ, ತಂತಿಯೂ ಇಲ್ಲ, ಚೂಯಿಂಗ್ ಗಮ್ಮಿನ ಪಟ್ಟಿಯಂಥ ಒಂದು ಚೂರು.

ಅಂಗಡಿಗೆ ಹೋದವರು ಎಷ್ಟು ಜಿಬಿ ಎಂದು ಕೇಳುತ್ತಾರೆ. ಹೇಗೆ ಸಿಕ್ಕಿಸುವುದೆಂದು ಕೇಳಿದವರು ಕಡಿಮೆ.

ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಬೇಕೆಂದು ಹುಡುಗಿಗೆ ತಿಳಿಯಿತು. ಉದಗೀರದಿಂದ ತಂದ ಮೊದಲನೆಯದು ಕೂಡಲಿಲ್ಲ. ಅದು ಲ್ಯಾಪ್‌ಟಾಪಿನ ಸಣ್ಣ ಡಿಸ್ಕಿನದು, ನಲವತ್ತನಾಲ್ಕು ಪಿನ್ನಿನದು. ದೊಡ್ಡ ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕು. ಮಾಮೂಲಿ ಯುಎಸ್‌ಬಿ ಕೊಡುವುದು 5 ವೋಲ್ಟ್. ಪ್ರತ್ಯೇಕ ಕರೆಂಟಿನ ಡಬ್ಬಿ ಇರುವಂಥದ್ದನ್ನೇ ಹುಡುಕಬೇಕಿತ್ತು. ಕೊನೆಗೆ ಸೋದರಮಾವ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಅಂಗಡಿ ಅಂಗಡಿ ಅಲೆದು ಒಂದನ್ನು ಕಳಿಸಿಕೊಟ್ಟ.

ಅಷ್ಟರಲ್ಲಿ ಊರಿನ ಸಲಹೆಗಾರರು ಸೇರಿದ್ದರು. ಬಿಚ್ಚಿ ಒರೆಸಿ ನೋಡು ಎಂದನೊಬ್ಬ. ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟರೆ ಏಳುತ್ತದೆ ಎಂದನಿನ್ನೊಬ್ಬ. ಎರಡನ್ನೂ ಮಾಡದಿದ್ದುದು ಪುಣ್ಯ. ಓದುವ ತಲೆಗೂ ತಟ್ಟೆಗೂ ನಡುವಿನ ಅಂತರ ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅಲ್ಲಿ ಧೂಳಿನ ಕಣವೆಂದರೆ ಬಂಡೆ. ತಣ್ಣಗಾದ ಡಿಸ್ಕನ್ನು ಹೊರತೆಗೆದರೆ ತಂಬಿಗೆಯ ತಣ್ಣೀರಿಗೆ ಹೊರಗೆ ಬೆವರು ಕಟ್ಟುವಂತೆ ಅದಕ್ಕೂ ನೀರು ಕಟ್ಟುತ್ತದೆ.

ಕರೆಂಟು ಕೊಟ್ಟಾಗ ಡಿಸ್ಕು ಗುಂಯ್ ಎಂದು ತಿರುಗಿತು. ಲ್ಯಾಪ್‌ಟಾಪಿನ ಪರದೆಯಲ್ಲಿ ಏನೂ ಇಲ್ಲ. ತಂದೆ ಎದ್ದು ಹೊರಟ. “ಕೂಡಪ್ಪಾ ಸ್ವಲ್ಪ” ಎಂದ ಮಗಳು ಡಿಸ್ಕಿನ ಮೇಲಿನ ಚೀಟಿಯನ್ನು ಓದತೊಡಗಿದಳು. ಐಡಿಇಯ ಒಂದೇ ಪಟ್ಟಿಗೆ ಎರಡು ಡಿಸ್ಕು ಕೂಡಿಸಬಹುದು. ಯಾವುದು ಮಾಸ್ಟರ್, ಯಾವುದು ಸ್ಲೇವ್ ಎಂಬುದನ್ನು ಜಂಪರ್ ಎಂಬ ಕಿರಿಯ ತುಣುಕು ತೀರ್ಮಾನಿಸುತ್ತದೆ. ಒಡೆಯ, ಗುಲಾಮ ಎಂಬ ಈ ಹೆಸರುಗಳು ಈಗ ಕೇಳಲು ಹಿತವಿಲ್ಲ, ಆದರೆ ಚೀಟಿಯಲ್ಲಿ ಅಚ್ಚಾಗಿರುವುದು ಹಾಗೆಯೇ. ತಂದೆಗೆ ಆಗ ನೆನಪಾಯಿತು. 2004ರಲ್ಲಿ ಜಾಗ ಸಾಲದೆಂದು ಈ 40 ಜಿಬಿಯದನ್ನು ಎರಡನೆಯದಾಗಿ ಹಾಕಿಸಿದ್ದ. ಅದು ಸ್ಲೇವ್ ಆಗಿಯೇ ಉಳಿದಿತ್ತು, ಅಡಾಪ್ಟರು ಮಾಸ್ಟರನ್ನು ಹುಡುಕುತ್ತಿತ್ತು. ಕರೆಂಟು ತೆಗೆದು, ಚಿಮಟದಿಂದ ಜಂಪರನ್ನು ಕಿತ್ತು ಚೀಟಿಯಲ್ಲಿ ತೋರಿಸಿದ ಜಾಗಕ್ಕೆ ಕೂಡಿಸಿದರು.

ಈ ಸಲ ಫೋಲ್ಡರುಗಳು ಬಂದವು. ಯಾವತ್ತೋ ಮುಗಿದುಹೋದ ಮದುವೆಗಳ ಲಗ್ನಪತ್ರಿಕೆ, ಸಾಲದ ಅರ್ಜಿ, ಕೊನೆಗೆ ‘ಅವ್ವ’ ಎಂಬ ಹೆಸರಿನದೊಂದು. ಒಳಗೆ ಹನ್ನೊಂದು ಹಾಡು. ನಿಮಿಷಕ್ಕೆ ಐದು ಮೆಗಾಬೈಟ್ ನುಂಗುವ, ಸಂಕೋಚಿಸದ ಧ್ವನಿ. ಹುಡುಗಿ ಮೊದಲು ಕೇಳಲಿಲ್ಲ, ನಕಲು ಮಾಡಿದಳು. ಹಳೆಯ ಡಿಸ್ಕು ಇನ್ನೆಷ್ಟು ಹೊತ್ತು ತಿರುಗೀತೆಂದು ಯಾರು ಬಲ್ಲರು! ಒಂಬತ್ತು ಬಂದವು. ಎರಡರಲ್ಲಿ ಡಿಸ್ಕು ಕಟ್ ಕಟ್ ಎಂದು ತಡವರಿಸಿ ನಿಂತಿತು.

ಆಮೇಲೆ ಕೇಳಿದರು. ಮೊದಲು ಬೀಸುಕಲ್ಲಿನ ಸದ್ದು, ದೂರದಲ್ಲಿ ಬಸ್ಸಿನ ಹಾರನ್ನು, ಒಂದು ಕೋಳಿ. ಆಮೇಲೆ ಆಯಿ. ಹಾಡಿನ ಕೊನೆಗೆ ಕೆಮ್ಮಿ, “ಸಾಕೇನೋ?” ಎನ್ನುತ್ತಾಳೆ. ಆಯಿ ತೀರಿಕೊಂಡಾಗ ಮೊಮ್ಮಗಳು ಮೂರು ವರ್ಷದ ಕೂಸು. ಆ ದನಿಯನ್ನು ಮೊದಲ ಬಾರಿ ಕೇಳಿದಂತೆಯೇ ಕೇಳಿದಳು. ತಂದೆ ಎಮ್ಮೆಗೆ ನೀರು ಕುಡಿಸಬೇಕೆಂದು ಎದ್ದುಹೋದ. ನೀರು ಕುಡಿಸುವ ಹೊತ್ತಲ್ಲ ಅದು.

ಒಂಬತ್ತು ಹಾಡುಗಳು ಈಗ ಲ್ಯಾಪ್‌ಟಾಪಿನಲ್ಲೊಂದು, ಪೆನ್ ಡ್ರೈವಿನಲ್ಲೊಂದು, ಸೋದರಮಾವನ ಮನೆಯಲ್ಲೊಂದು ಪ್ರತಿಯಾಗಿ ಇವೆ. ಐದು ವರ್ಷಕ್ಕೊಮ್ಮೆ ಆಗಿನ ಬಾಗಿಲು ನೋಡಿ ಬದಲಾಯಿಸುವುದಾಗಿ ಹುಡುಗಿ ಹೇಳಿದ್ದಾಳೆ. ಅಡಾಪ್ಟರು ಸದ್ಯ ಓಣಿಯ ಫೋಟೋ ಸ್ಟುಡಿಯೋದವನ ಬಳಿ ಇದೆ. ಅವನದೂ ಒಂದು ಹಳೇ ಡಿಸ್ಕಂತೆ. ಬಾರದ ಎರಡು ಹಾಡಿಗಾಗಿ ಆಯಿಯ ಡಿಸ್ಕನ್ನು ಮತ್ತೆ ಅದೇ ಸೀರೆಯಲ್ಲಿ ಸುತ್ತಿಟ್ಟಿದ್ದಾರೆ. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಹುಡುಗಿಯ ಅಕ್ಷರ: “ಜಂಪರ್ ಮಾಸ್ಟರ್. ಕೆಂಪು ಅಂಚು ಕರೆಂಟಿನ ಕಡೆಗೆ. ಬಿಚ್ಚಬಾರದು.”