ಓದೋ ಮಗೀಗೆ ಹೇಳಬೇಡಿ

ಶನಿವಾರ ಮಧ್ಯಾಹ್ನದ ಮೇಲೆ ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಬಸ್ಸುಗಳು ನಿಲ್ಲುವ ಕಡೆ ಒಂದರ್ಧ ಗಂಟೆ ನಿಂತರೆ ಮೆಡಿಕಲ್ ಓದುವ ಮಕ್ಕಳು ಸುಲಭವಾಗಿ ಗೊತ್ತಾಗುತ್ತಾರೆ. ಬೆನ್ನ ಮೇಲಿನ ಚೀಲ ಎಲ್ಲರದ್ದಕ್ಕಿಂತ ಭಾರ. ಅದರೊಳಗೆ ಚೌರಾಸಿಯಾ ಅನಾಟಮಿಯ ಒಂದು ಸಂಪುಟ, ಒಗೆಯುವುದಕ್ಕೆಂದು ಸುರುಳಿ ಸುತ್ತಿ ತುರುಕಿದ ಬಿಳಿ ಕೋಟು. ಕೆ.ಆರ್. ನಗರದವರಾದರೆ ಕೆಲವರು ರೈಲು ಹಿಡಿಯುತ್ತಾರೆ. ಸೀಟು ಸಿಕ್ಕಿದ ಕೂಡಲೇ ಪುಸ್ತಕ ತೊಡೆಯ ಮೇಲೆ ಬರುತ್ತದೆ, ಇಲವಾಲ ದಾಟುವಷ್ಟರಲ್ಲಿ ತಲೆ ಕಿಟಕಿಗೆ ಒರಗಿರುತ್ತದೆ. ಬಿಳಿಕೆರೆಯಲ್ಲಿ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದರೂ ಎಚ್ಚರವಾಗುವುದಿಲ್ಲ. ಅವರನ್ನು ನೋಡಿದಾಗಲೆಲ್ಲ ನನಗೆ ಸಮಾಧಾನ. ಸದ್ಯ, ಈ ಮಗು ಮನೆಗೆ ಹೋಗುತ್ತಿದೆ.

ಸಮಾಧಾನಕ್ಕೆ ಕಾರಣವಿದೆ. ನಾನು ಈ ಸೀಮೆಯಲ್ಲೇ ಡಾಕ್ಟರಾಗಿ ಕೆಲಸ ಮಾಡುವವಳು. ಪ್ರತಿ ವರ್ಷ ಸೀಟು ಹಂಚಿಕೆ ಮುಗಿಯುತ್ತಿದ್ದ ಹಾಗೆ ಯಾರಾದರೂ ತಂದೆ ತಾಯಿ ಸಿಹಿ ಹಿಡಿದುಕೊಂಡು ಬರುತ್ತಾರೆ. "ಮೇಡಂ, ನಮ್ಮ ಹುಡುಗಿಗೆ ಮೆಡಿಕಲ್ ಆಯ್ತು. ಇನ್ನು ಐದು ವರ್ಷ ಊರ ಕಡೆ ತಲೆ ಹಾಕಬೇಡ ಅಂತ ಹೇಳಿಬಿಟ್ಟಿದ್ದೀವಿ. ನಾವೇ ಹೋಗಿ ನೋಡ್ಕೊಂಡು ಬರ್ತೀವಿ. ಸರಿ ಅಲ್ವಾ?" ಸರಿಯಲ್ಲ ಎನ್ನುತ್ತೇನೆ. ಹೊರಗೆ ರೋಗಿಗಳು ಸಾಲು ನಿಂತಿರುವಾಗ ಅದಕ್ಕಿಂತ ಹೆಚ್ಚು ಹೇಳಲಾಗುವುದಿಲ್ಲ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕಡೆ ಮೆಡಿಕಲ್ ಓದುವ ಮಗುವಿಗೆ ಮನೆಯಲ್ಲಿ ಸಿಗುವ ವಿನಾಯಿತಿಗೆ ಲೆಕ್ಕವಿಲ್ಲ. ರಜೆಗೆ ಬಂದರೆ ಊಟದ ತಟ್ಟೆ ಕೋಣೆಗೇ ಹೋಗುತ್ತದೆ. ಟೀವಿ ಬಾಯಿ ಮುಚ್ಚುತ್ತದೆ. ಬಂದ ನೆಂಟರನ್ನು ಜಗುಲಿಯ ಮೇಲೇ ಮಾತಾಡಿಸಿ ಕಳಿಸುತ್ತಾರೆ. ತಮ್ಮನಾದವನು ಹಾಲಿನ ಡೇರಿಗೂ ಹೋಗಬೇಕು, ಅಕ್ಕನ ಪಾಲಿನ ಕೆಲಸವನ್ನೂ ಮಾಡಬೇಕು. ಸಾಲ ಮಾಡಿದ್ದು, ಹಸು ಗಬ್ಬ ಇಳಿದದ್ದು, ದೊಡ್ಡಪ್ಪನಿಗೂ ಅಪ್ಪನಿಗೂ ಬದುವಿನ ವಿಚಾರಕ್ಕೆ ಮಾತು ಬಿಟ್ಟದ್ದು, ಎಲ್ಲಕ್ಕೂ ಒಂದೇ ಅಪ್ಪಣೆ: ಓದೋ ಮಗೀಗೆ ಹೇಳಬೇಡಿ. ಇದರ ಹಿಂದಿನ ಅಕ್ಕರೆಯನ್ನು ನಾನು ಬಲ್ಲೆ. ಆ ಮನೆಗಳಲ್ಲಿ ಎಷ್ಟೋ ಕಡೆ ಆ ಮಗುವೇ ಮೊದಲ ಪದವೀಧರೆ, ಇಡೀ ಊರಿಗೆ ಮೊದಲ ಡಾಕ್ಟರು. ಆದರೂ ಹೀಗೆ ಕಾಪಾಡಿದ ಮಗು ಕೊನೆಗೆ ತನ್ನ ಮನೆಗೇ ನೆಂಟಳಾಗುತ್ತದೆ. "ಓದು ಮುಗೀಲಿ, ಆಮೇಲೆ ಎಲ್ಲಾ" ಎನ್ನುತ್ತಾರೆ. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅದರ ಬೆನ್ನಿಗೇ ಪಿ.ಜಿ. ಸೀಟಿನ ನೀಟ್, ಮತ್ತೆ ಮೂರು ವರ್ಷ. ಆ 'ಆಮೇಲೆ' ಬರುವಷ್ಟರಲ್ಲಿ ಮನೆಯ ಹಿರಿಯರು ಎಷ್ಟು ಜನ ಉಳಿದಿರುತ್ತಾರೆ?

ನಾನು ಎರಡನೇ ಎಂ.ಬಿ.ಬಿ.ಎಸ್. ಪರೀಕ್ಷೆ ಬರೆಯುತ್ತಿದ್ದಾಗ ನನ್ನ ಅಜ್ಜಿ ತೀರಿಕೊಂಡಿತು. ನನ್ನನ್ನು ಎತ್ತಿ ಆಡಿಸಿದ ಜೀವ. ಆಗ ಊರಿನಲ್ಲಿ ಫೋನು ಇರಲಿಲ್ಲ. ಹಾಗಂತ ಹೇಳಿ ಕಳಿಸಲು ದಾರಿಯೇ ಇರಲಿಲ್ಲ ಎಂದಲ್ಲ, ದಿನಕ್ಕೆ ಎಷ್ಟು ಬಸ್ಸು! ಯಾರೂ ಹೇಳಿ ಕಳಿಸಲಿಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ತಿಥಿಯೂ ಮುಗಿದಿತ್ತು. ಅಜ್ಜಿಯ ಎಲೆಅಡಿಕೆ ಚೀಲ ಗೂಟಕ್ಕೆ ನೇತುಹಾಕಿದ ಹಾಗೇ ಇತ್ತು, ಕೆಳಗೆ ಅಜ್ಜಿ ಇರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂತು. ಇಷ್ಟು ವರ್ಷ ಕೆಲಸ ಮಾಡಿದ ಮೇಲೆ, ಅದೆಷ್ಟೋ ಮನೆಯವರಿಗೆ ಸಾವಿನ ಸುದ್ದಿ ಹೇಳಿದ ಮೇಲೆ, ನನಗೆ ಅನ್ನಿಸುವುದು ಇಷ್ಟು: ಸಾವಾದ ಮನೆಯಲ್ಲಿ ಹೇಗೆ ಕೂರಬೇಕು, ಯಾರ ಪಕ್ಕ ಕೂರಬೇಕು, ಯಾವಾಗ ಬಾಯಿ ಬಿಡಬಾರದು ಎನ್ನುವುದನ್ನು ಯಾವ ವಾರ್ಡಿನಲ್ಲೂ ಕಲಿಸುವುದಿಲ್ಲ. ಅದನ್ನು ಕಲಿಸುವುದು ಮನೆ. ಆ ಪಾಠಕ್ಕೆ ನನ್ನನ್ನು ಕರೆಯಲಿಲ್ಲ.

ನನ್ನ ಅಣ್ಣನ ಮಗಳು ಈಗ ಮೂರನೇ ವರ್ಷದಲ್ಲಿದ್ದಾಳೆ. ಅಣ್ಣನದು ಹೊಗೆಸೊಪ್ಪಿನ ಬೇಸಾಯ. ಕೆ.ಆರ್. ನಗರದವರಿಗೆ ಕಾವೇರಿ ನಾಲೆಯ ನೀರಿದೆ, ಭತ್ತವಿದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಖುಷ್ಕಿ ಜಮೀನಿನವರಿಗೆ ಒಟ್ಟಿಗೆ ದುಡ್ಡು ಕಾಣಿಸುವ ಬೆಳೆ ವರ್ಜೀನಿಯಾ ಸೊಪ್ಪು. ಮುಂಗಾರು ಮೊದಲ ಮಳೆಗೆ ನಾಟಿ, ಜುಲೈ ಹೊತ್ತಿಗೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟಿ ಹದ ಮಾಡುವ ಮನೆಗೆ, ಅಂದರೆ ಬ್ಯಾರನ್ನಿಗೆ ಏರಿಸುವುದು. ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಸೊಪ್ಪು ಹಳದಿಗೆ ತಿರುಗಬೇಕು, ಆಮೇಲೆ ನಿಧಾನವಾಗಿ ಏರಿಸುತ್ತಾ ಹೋಗಿ ಎಲೆಯ ನಡುದಂಟು ಒಣಗುವುದಕ್ಕೆ 70ರ ತನಕ ಕಾವು ಕೊಡಬೇಕು. ಆತುರ ಬಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜು ಕಟ್ಟೆಯಲ್ಲಿ ಗ್ರೇಡು ಬೀಳುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಮನೆಯ ಗಂಡಸರು ಕಣ್ಣು ತುಂಬ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ.

ಮೊದಲ ವರ್ಷ ಅವಳನ್ನೂ ಬ್ಯಾರನ್ನಿನ ಕಡೆ ಬಿಡಲಿಲ್ಲ. ಎರಡನೇ ವರ್ಷ ಅವಳೇ ಫಾರ್ಮಕಾಲಜಿ ಪುಸ್ತಕ, ಒಂದು ಕಂಬಳಿ ತೆಗೆದುಕೊಂಡು ಒಲೆಯ ಮುಂದೆ ಬಂದು ಕೂತಳು. "ಅಪ್ಪಾ, ನಾನು ಹೆಂಗಿದ್ರೂ ಎರಡು ಗಂಟೆ ತನಕ ಓದ್ತೀನಿ. ನೀನು ಮಲಕ್ಕೋ, ಸೌದೆ ನಾನು ಹಾಕ್ತೀನಿ" ಎಂದಳು. ಅಣ್ಣನಿಗೆ ಮನಸ್ಸಿರಲಿಲ್ಲ, ಆದರೆ ನಿದ್ದೆ ತಡೆಯಲಾಗಲಿಲ್ಲ. ಗೋಡೆಯ ಸಣ್ಣ ಗಾಜಿನಿಂದ ಟಾರ್ಚು ಬಿಟ್ಟು ಒಳಗಿನ ಥರ್ಮಾಮೀಟರ್ ನೋಡುವುದು, ಒಂದು ಸೌದೆ ಮುಂದಕ್ಕೆ ತಳ್ಳುವುದು, ಮತ್ತೆ ಪುಸ್ತಕ. ಹಾಸ್ಟೆಲಿನಲ್ಲಿ ಓದಿದ್ದಕ್ಕಿಂತ ಅಲ್ಲಿ ಓದಿದ್ದು ಚೆನ್ನಾಗಿ ತಲೆಗೆ ಹತ್ತಿತು ಎಂದು ಆಮೇಲೆ ಹೇಳಿದಳು. ಅಪ್ಪ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದದ್ದು ಧೈರ್ಯವಾಗಿತ್ತಂತೆ.

ಆ ರಜೆಯಲ್ಲೇ ಒಂದು ಬೆಳಗ್ಗೆ, ಇಬ್ಬನಿಯಲ್ಲಿ ಸೊಪ್ಪು ಮುರಿಯಲು ಹೋದ ಆಳುಗಳಲ್ಲಿ ಒಬ್ಬಾಕೆ ತಲೆ ಸುತ್ತಿ ಬದುವಿನ ಮೇಲೆ ಕೂತು ವಾಂತಿ ಮಾಡತೊಡಗಿದಳು. ಎಲ್ಲರೂ "ಪಿತ್ತ ಕೆದರಿದೆ" ಎಂದು ನಿಂಬೆಹಣ್ಣಿನ ಪಾನಕ ಕೊಟ್ಟರು. ಪ್ರತಿ ವರ್ಷ ಯಾರಿಗಾದರೂ ಆಗುತ್ತಿದ್ದದ್ದೇ. ಇವಳು ಹೋಗಿ ಆಕೆಯ ತೋಳು ಮುಟ್ಟಿ ನೋಡಿದಳು. ರವಿಕೆ ತೊಯ್ದಿತ್ತು, ತೋಳಿಗೆಲ್ಲ ಸೊಪ್ಪಿನ ಅಂಟು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಕರಿಕೆ, ತಲೆನೋವು ಎಲ್ಲಾ ಅದರದ್ದೇ. ಬೀಡಿ ಮುಟ್ಟದ ಹೆಂಗಸರಿಗೂ ಆಗುತ್ತದೆ. ಸೋಪು ಹಾಕಿ ತೊಳೆಸಿ, ಒಣ ಬಟ್ಟೆ ಉಡಿಸಿ, ನೆರಳಲ್ಲಿ ಮಲಗಿಸಿದಳು. ಅಂದಿನಿಂದ ಅಣ್ಣನ ಹೊಲದಲ್ಲಿ ಇಬ್ಬನಿ ಆರಿದ ಮೇಲೆಯೇ ಸೊಪ್ಪು ಮುರಿಯುವುದು, ಹೆಂಗಸರು ತುಂಬು ತೋಳಿನ ಅಂಗಿ ಹಾಕುವುದು, ಮಳೆ ಇದ್ದರೆ ಮೇಲೊಂದು ಪ್ಲಾಸ್ಟಿಕ್ ಹೊದೆಯುವುದು ರೂಢಿಯಾಗಿದೆ. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತಿದ್ದರೆ ಇದು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅದೇ ಸೊಪ್ಪಿನ ದುಡ್ಡಿನಲ್ಲಿ ಅವಳ ಫೀಜು ಕಟ್ಟಿರುವುದು. ಕೆ.ಆರ್. ಆಸ್ಪತ್ರೆಯಲ್ಲಿ ಬಾಯಿ ಕ್ಯಾನ್ಸರಿನ ರೋಗಿಗಳನ್ನು ನೋಡಿ ಬಂದ ವಾರ ಅವಳು ಈ ಮಾತನ್ನು ಅಪ್ಪನ ಮುಂದೆಯೇ ಎತ್ತಿದಳು. ಅಳುತ್ತಲೇ ಕೇಳಿದಳು. ಅಣ್ಣ ಕೋಪಿಸಿಕೊಳ್ಳಲಿಲ್ಲ. ಬ್ಯಾರನ್ನಿನ ಸಾಲ, ಬೇರೆ ಬೆಳೆಯ ಬೆಲೆ ಎಲ್ಲವನ್ನೂ ಮಗಳಿಗೆ ಮೊದಲ ಸಲ ಬಿಡಿಸಿ ಹೇಳಿದ. ಈ ವರ್ಷ ಒಂದು ಭಾಗಕ್ಕೆ ಮುಸುಕಿನ ಜೋಳ ಹಾಕಿದ್ದಾನೆ. ಆ ಮಾತು ಅಪ್ಪ ಮಗಳ ನಡುವೆ ಇನ್ನೂ ನಡೆಯುತ್ತಿದೆ, ನಡೆಯಲಿ.

ಅವರೆಕಾಯಿ ಕಾಲಕ್ಕೆ ಅವಳು ಬಂದರೆ ನಮ್ಮಮ್ಮ ಅವಳ ಮುಂದೆ ನೆನೆಸಿದ ಕಾಳಿನ ಬೇಸಿನ್ ಇಡುತ್ತದೆ. ಹಿತಕಿದಬೇಳೆ ಸಾರು ತಿನ್ನಬೇಕಾದರೆ ಕೂತು ಹಿತುಕಬೇಕು, ಅದರಲ್ಲಿ ಡಾಕ್ಟರಿಗೆ ರಿಯಾಯಿತಿ ಇಲ್ಲ. ಹೋದ ಸಂಕ್ರಾಂತಿಯಲ್ಲಿ ಕೈ ಕಾಳು ಹಿತುಕುತ್ತಿದ್ದರೆ ಬಾಯಿ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು.

"ಅದೇನ್ ಮಗ, ಮಂತ್ರ?"

"ಮಂತ್ರ ಅಲ್ಲ ಅಜ್ಜಿ, ಮೆದುಳಿಂದ ಹೊರಡೋ ನರಗಳು. ಹನ್ನೆರಡು ಜೊತೆ."

"ಒಂದೊಂದೂ ಏನೇನ್ ಮಾಡ್ತವೆ?"

ಮೂಗಿಗೆ ಒಂದು, ನೋಟಕ್ಕೆ ಒಂದು ಎಂದು ಶುರುಮಾಡಿ ಏಳನೆಯದು ಮುಖಕ್ಕೆ ಎಂದಾಗ ಅಮ್ಮ ಕೈ ನಿಲ್ಲಿಸಿತು. "ಹಂಗಾರೆ ಮೂಲೆಮನೆಯವನ ಬಾಯಿ ಸೊಟ್ಟಗಾಗಿತ್ತಲ್ಲ, ಕಣ್ಣು ಮುಚ್ಚಕ್ಕೆ ಆಗ್ತಿರಲಿಲ್ಲ, ಅದು ಏಳನೇದಾ?" ಏಳನೆಯದೇ. ಆ ಸಂಜೆ ಅಮ್ಮ ಕೇಳಿದ ಪ್ರಶ್ನೆಗಳಷ್ಟು ಕಷ್ಟದ ವೈವಾ ಅವಳಿಗೆ ಕಾಲೇಜಿನಲ್ಲೂ ಆಗಿರಲಿಕ್ಕಿಲ್ಲ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಅಜ್ಜಿಗೆ ತಿಳಿಯುವ ಹಾಗೆ ಹೇಳಲು ಬಂದರೆ, ಈ ನಾಲ್ಕು ತಾಲ್ಲೂಕಿನಿಂದ ಮೈಸೂರಿನ ಆಸ್ಪತ್ರೆಗೆ ಬಂದು ಕೂರುವ ಯಾವ ರೋಗಿಗೂ ಹೇಳಲು ಬರುತ್ತದೆ.

ಮನೆಯ ಮಾತಾಯಿತು, ಇನ್ನು ಆಟಪಾಟ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವ ಹುಚ್ಚು ಇನ್ನೂ ಇದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲೇ ಉಳಿದು ಕಲಿಸುತ್ತಾರೆ. ಪಕ್ಕದೂರಿನ ಮೆಡಿಕಲ್ ಹುಡುಗನೊಬ್ಬ ಕೃಷ್ಣನ ಪಾತ್ರ ಮಾಡಬೇಕೆಂದಾಗ ಮನೆಯವರು ನನ್ನ ಹತ್ತಿರ ದೂರು ತಂದರು. ಮಾಡಲಿ ಬಿಡಿ ಎಂದೆ. ಆ ಪದಗಳನ್ನು ಬಾಯಿಪಾಠ ಮಾಡಿ, ರಾತ್ರಿಯೆಲ್ಲ ಜನರ ಮುಂದೆ ನಿಂತು ಹಾಡಿದವನಿಗೆ ರೋಗಿಯ ಮುಂದೆ ಧ್ವನಿ ನಡುಗುವುದಿಲ್ಲ. ಅದಕ್ಕೂ ಮಿಗಿಲಾಗಿ, ಹಾಡುವಾಗ ಅವನು ಸುಖವಾಗಿರುತ್ತಾನೆ. ಸುಖಕ್ಕೆ ಬೇರೆ ಪ್ರಯೋಜನ ಬೇಕೆಂದು ನನಗೆ ಅನ್ನಿಸುವುದಿಲ್ಲ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿಕೊಂಡೇ 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ತಂದು ಇಪ್ಪತ್ತೈದು ವರ್ಷ ನಡೆಸಿದರು. ಡಾ. ಅನುಪಮಾ ನಿರಂಜನ ವೈದ್ಯ ವೃತ್ತಿಯ ಜೊತೆಗೇ ಕಾದಂಬರಿ ಬರೆದರು, ಮಕ್ಕಳಿಗೆ 'ದಿನಕ್ಕೊಂದು ಕಥೆ' ಕೊಟ್ಟರು. ಕನ್ನಡಿಗರಿಗೆ ಇದೇನೂ ಹೊಸದಲ್ಲ.

ಇಂಥ ಬಿಡುವಿನ ಮಾತು ಬಂದಾಗ 1984 ನೆನಪಾಗುತ್ತದೆ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ್ದು ಆಗ. ಓದಿನ ನಡುವಿನ ಹೊತ್ತಿನಲ್ಲಿ ಬಡ ರೋಗಿಗಳಿಗೆ ಔಷಧಿ ಹೊಂದಿಸುವುದು, ರಕ್ತದಾನ ಮಾಡಿಸುವುದು, ಹಳ್ಳಿಗೆ ಹೋಗುವುದು. ಓದು ಮುಗಿದ ಮೇಲೆ 1987ರಲ್ಲಿ ಎಚ್.ಡಿ. ಕೋಟೆಯ ಬ್ರಹ್ಮಗಿರಿಗೆ ಹೋಗಿ, ಕಬಿನಿ ಅಣೆಕಟ್ಟಿಗೂ ಕಾಡಿನ ಕಾನೂನಿಗೂ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬರ ನಡುವೆ ಕೂತರು. ಇಂದು ಸರಗೂರಿನಲ್ಲಿ ದೊಡ್ಡ ಆಸ್ಪತ್ರೆಯಿದೆ, ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳ ಶಾಲೆಯಿದೆ. ಅವರ ಮನೆಯವರೂ ಹಾಸ್ಟೆಲಿನವರೂ "ಮೊದಲು ಓದು ಮುಗಿಸಿ" ಎಂದು ಬಾಗಿಲು ಹಾಕಿದ್ದರೆ ಕೋಟೆಯ ಕಾಡಂಚಿನ ಕಥೆ ಬೇರೆಯೇ ಆಗುತ್ತಿತ್ತು.

ಈಗ ಪಠ್ಯಕ್ರಮವೂ ಸ್ವಲ್ಪ ದಾರಿಗೆ ಬಂದಿದೆ. 2019ರ ಹೊಸ ಪಠ್ಯದಲ್ಲಿ ಆಟಕ್ಕೆ, ಕಲೆಗೆ, ಸ್ಥಳೀಯ ಭಾಷೆಗೆ ಹೊತ್ತು ಇಟ್ಟಿದ್ದಾರೆ. ಒಂದೊಂದು ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳುವ ಕಾರ್ಯಕ್ರಮವೂ ಬಂದಿದೆ. ನನಗೆ ಅದು ಬಹಳ ಇಷ್ಟ. ಯಾರದೋ ಮನೆಯ ಅಜ್ಜನ ಬಿ.ಪಿ. ನೋಡಿ ಬರೆದುಕೊಳ್ಳುವ ಮಗುವಿಗೆ, ತನ್ನ ಮನೆಯ ತಾತನಿಗೆ ಸಕ್ಕರೆ ಕಾಯಿಲೆ ಇರುವುದನ್ನು ಮುಚ್ಚಿಡುವುದು ಮಾತ್ರ ಯಾವ ನ್ಯಾಯ?

ಪ್ರತಿ ಶನಿವಾರ ಬರಲಿ ಎಂದು ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಯ ತಿಂಗಳಲ್ಲಿ ಬರಲಾಗುವುದಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಹೆರಿಗೆ ವಾರ್ಡಿನ ಡ್ಯೂಟಿ ಬಿದ್ದರೆ ಹಬ್ಬವೂ ಇಲ್ಲ, ಊಟದ ಹೊತ್ತೂ ಇಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಗೋ, ಶಿವರಾತ್ರಿಗೆ ಶುರುವಾಗುವ ಕಪ್ಪಡಿ ಜಾತ್ರೆಗೋ ಬರಲಿಲ್ಲವೆಂದು ಮುನಿಸಿಕೊಳ್ಳುವ ಹಿರಿಯರೂ ಇದ್ದಾರೆ, ಅದೂ ತಪ್ಪು. ಬರುವುದು ಬಿಡುವುದನ್ನು ಮಗುವೇ ತೀರ್ಮಾನಿಸಲಿ. ಕರೆಯುವುದನ್ನು ಮಾತ್ರ ಮನೆಯವರು ನಿಲ್ಲಿಸಬಾರದು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಇನ್ನೊಂದು. ಹೇಳದೆ ಇರುವ ಅಭ್ಯಾಸ ಒಂದೇ ಕಡೆ ನಿಲ್ಲುವುದಿಲ್ಲ. ಮನೆಯ ಕಷ್ಟವನ್ನು ತನ್ನಿಂದ ಮುಚ್ಚಿಡುತ್ತಾರೆ ಎಂದು ಗೊತ್ತಾದ ಮಗು ತನ್ನ ಕಷ್ಟವನ್ನೂ ಮನೆಯಿಂದ ಮುಚ್ಚಿಡುತ್ತದೆ. ಫೇಲಾದದ್ದನ್ನು ಹೇಳುವುದಿಲ್ಲ, ನಿದ್ದೆ ಬರದಿರುವುದನ್ನು ಹೇಳುವುದಿಲ್ಲ, ಯಾರೋ ಪೀಡಿಸುತ್ತಿರುವುದನ್ನು ಹೇಳುವುದಿಲ್ಲ. "ಚೆನ್ನಾಗಿದ್ದೀನಿ ಕಣಮ್ಮ" ಎಂದು ಫೋನಿಡುತ್ತದೆ. ಮೆಡಿಕಲ್ ಮಕ್ಕಳು ಕುಗ್ಗಿಹೋಗುವುದು, ಕೆಲವರು ಪ್ರಾಣವನ್ನೇ ಕಳೆದುಕೊಳ್ಳುವುದು ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಿರುವ ಸಂಗತಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು, ಆ ಸಂಖ್ಯೆ ಮಕ್ಕಳ ಬಳಿಯೂ ನಿಮ್ಮ ಬಳಿಯೂ ಇರಲಿ.

ಈ ವರ್ಷ ಸೀಟು ಸಿಕ್ಕ ಮಕ್ಕಳ ತಂದೆ ತಾಯಂದಿರಲ್ಲಿ ನನ್ನದೊಂದು ಬೇಡಿಕೆ. ಮಗಳು ಊರಿಗೆ ಬಂದಾಗ ಅಡುಗೆಮನೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಊಟ ಬಡಿಸಿ. ಸಾಲ ಎಷ್ಟಿದೆ ಎಂದು ಹೇಳಿ, ಅಜ್ಜಿಗೆ ಹುಷಾರಿಲ್ಲದಿದ್ದರೆ ಅಂದೇ ಹೇಳಿ. ಒಂದು ಗಂಟೆ ಯಾವುದಾದರೂ ಮನೆಗೆಲಸ ಹಚ್ಚಿ. ಉಳಿದ ಹೊತ್ತು ಓದಿಕೊಳ್ಳಲಿ, ಇಲ್ಲವೇ ಮಲಗಲಿ.